ಪೂಜೆಗೆ ಕೂತ ಹಿಂದಿನ ಪಟ್ಟಿ

ನಾನು ನಿಂತಿದ್ದುದು ಮಾನ್ವಿಯಲ್ಲಿ, ನನ್ನ ಅಕ್ಕನ ಗಂಡನ ಬಡಗಿ ಅಂಗಡಿಯೊಳಗೆ, ಗರಗಸದ ಮಶೀನಿನ ಎಡಮಗ್ಗುಲಿಗೆ. ೧೯೭೮ರ ವಿಜಯದಶಮಿ, ಬೆಳಗಿನ ಎಂಟೂವರೆ. ನನ್ನ ಬೆನ್ನಿಗೆ ಕಿಟಕಿ ಇತ್ತು. ಬಿಸಿಲು ನನ್ನ ಹೆಗಲ ಮೇಲಿಂದ ಹಾದು ಮಶೀನಿನ ಮೇಜಿನ ಮೇಲೆ ಬಿದ್ದಿತ್ತು. ಬಲಗಡೆಯ ಗೋಡೆಯ ಮೇಲೆ ಮೋಟರಿನ ಸ್ಟಾರ್ಟರು. ಹಸಿರು ಗುಂಡಿ ಮೇಲೆ, ಕೆಂಪು ಗುಂಡಿ ಕೆಳಗೆ. ನಾನು ನಿಂತಲ್ಲಿಂದ ಕೆಂಪು ಗುಂಡಿಗೆ ಎರಡು ಹೆಜ್ಜೆ. ಆಮೇಲೆ ಎಷ್ಟೋ ಸಲ ಅದೇ ಜಾಗದಲ್ಲಿ ನಿಂತು ಹೆಜ್ಜೆ ಹಾಕಿ ನೋಡಿದ್ದೇನೆ. ಎರಡೇ. ನನ್ನ ಅಂಗಿಯ ಜೇಬಿನಲ್ಲಿ ಎರಡು ಬೋಲ್ಟುಗಳಿದ್ದವು. ಅವು ಮಶೀನಿನ ಮೇಲೆ ಇರಬೇಕಾಗಿತ್ತು.

ಭಾವನ ಕೈಗೆ ಏನಾಯಿತು ಎಂಬುದನ್ನು ಕಂಡಷ್ಟೇ ಬರೆಯುತ್ತೇನೆ. ಆ ಹೊತ್ತಿನಲ್ಲಿ ನಾನು ಬಾಯಿ ತೆರೆದೆನೋ ಇಲ್ಲವೋ ಎಂಬುದನ್ನೂ ಬರೆಯಬೇಕು.

ಆಗ ನಾನು ರಾಯಚೂರಿನಲ್ಲಿ ಮೋಟರು ರಿಪೇರಿಯ ಅಂಗಡಿಯೊಂದರಲ್ಲಿ ಫಿಟ್ಟರು. ಹಿಟ್ಟಿನ ಗಿರಣಿ, ನೀರೆತ್ತುವ ಪಂಪು, ಆಮೇಲಾಮೇಲೆ ಬಡಗಿಗಳ ಗರಗಸದ ಮಶೀನು, ಇವನ್ನು ಊರೂರಿಗೆ ಹೋಗಿ ಕೂಡಿಸಿ ಬರುವುದು ನನ್ನ ಕೆಲಸ. ಮೊದಲ ಗರಗಸ ಕೂಡಿಸಿದ್ದು ದೇವದುರ್ಗದಲ್ಲಿ. ಅಲ್ಲಿ ಮೋಟರಿಗೆ ಬರುವ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ ಬಿಗಿದಿದ್ದೆ. ಹಸಿರು ಗುಂಡಿ ಒತ್ತಿದಾಗ ಬ್ಲೇಡು ಉಲ್ಟಾ ತಿರುಗಿತು. ಅಂಗಡಿಯವನು ಹಲಗೆ ಹಿಡಿದು ಮುಂದೆ ಬರುತ್ತಿದ್ದ. ಹಲ್ಲುಗಳು ತಿರುಗುವ ದಿಕ್ಕು ಕಣ್ಣಿಗೆ ಕಾಣುವುದಿಲ್ಲ, ಬರೀ ಒಂದು ಬಿಳಿ ಬಳೆ ಕಾಣುತ್ತದೆ. ಕೆಳಗೆ ಬೀಳಬೇಕಾದ ಹೊಟ್ಟಿನ ಧೂಳು ಮೇಲೆದ್ದು ಬಂದದ್ದರಿಂದ ನನಗೆ ಗೊತ್ತಾಯಿತು. ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಮರ ಇಲ್ಲದೆ ಒಮ್ಮೆ ಗುಂಡಿ ಒತ್ತಿ ಬಿಡುವುದು, ಬ್ಲೇಡು ನಿಧಾನವಾಗುತ್ತ ಬಂದಾಗ ಹಲ್ಲು ಎತ್ತ ತಿರುಗುತ್ತವೆ ಎಂದು ನೋಡುವುದು, ನಂತರವೇ ಮರ ಮುಟ್ಟುವುದು, ಇದನ್ನು ಎಲ್ಲೂ ಬಿಟ್ಟಿಲ್ಲ.

ಭಾವನ ಮಶೀನನ್ನು ಇನ್ನೂ ಹೆಚ್ಚು ಎಚ್ಚರದಿಂದ ಕೂಡಿಸಿದ್ದೆ. ಅಕ್ಕನ ಮನೆ ಅಲ್ಲವೇ. ಸಿಮೆಂಟಿನ ಕಟ್ಟೆ ಒಣಗಲು ಎಂಟು ದಿನ ಬಿಟ್ಟೆ. ನಾಲ್ಕೂ ಕಾಲಿನ ಕೆಳಗೆ ನೀರುಮಟ್ಟ ಇಟ್ಟು ನೋಡಿದೆ. ಬ್ಲೇಡಿನ ಮುಂದಿನ ಹಲ್ಲಿಗೂ ಹಿಂದಿನ ಹಲ್ಲಿಗೂ ಗೈಡಿನಿಂದ, ಅಂದರೆ ಮರ ಆತು ಸಾಗುವ ಕಬ್ಬಿಣದ ಅಂಚಿನಿಂದ, ಒಂದೇ ಅಂತರ ಇರಬೇಕು. ಅದನ್ನು ಬೆಂಕಿಕಡ್ಡಿ ಹಿಡಿದು ಅಳೆದೆ. ಬ್ಲೇಡಿನ ನಟ್ಟನ್ನು ಇಬ್ಬರು ಸೇರಿ ಬಿಗಿದೆವು. ಕೊನೆಗೆ ಬ್ಲೇಡಿನ ಹಿಂದೆ, ಅದರ ಬೆನ್ನಿಗೆ ಬೆರಳಗಲ ಬಿಟ್ಟು, ನೆಟ್ಟಗೆ ನಿಲ್ಲುವ ಬಾಗಿದ ಕಬ್ಬಿಣದ ಪಟ್ಟಿ ಕೂಡಿಸಿದೆ. ಅದಕ್ಕೆ ಪುಸ್ತಕದಲ್ಲಿ ಏನೋ ಹೆಸರಿತ್ತು. ನಾವು ಹಿಂದಿನ ಪಟ್ಟಿ ಎನ್ನುತ್ತಿದ್ದೆವು. ಎರಡು ಬೋಲ್ಟಿನ ಕೆಲಸ. ಬ್ಲೇಡು ಸೀಳಿದ ಮರದ ಎರಡು ಪಾಲು ಹಿಂದೆ ಹೋಗಿ ಮತ್ತೆ ಕೂಡಿಕೊಳ್ಳದಂತೆ ಅದು ನಡುವೆ ನಿಲ್ಲುತ್ತದೆ. ಕೂಡಿಕೊಂಡರೆ ಮರ ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಮೇಲೆದ್ದು ಬರುವ ಹಿಂದಿನ ಹಲ್ಲುಗಳು ಆ ಮರವನ್ನು ಎತ್ತಿ, ತಳ್ಳುತ್ತಿರುವವನ ಕಡೆಗೇ ಎಸೆಯುತ್ತವೆ.

ಇದನ್ನು ಭಾವನಿಗೆ ತೋರಿಸಿಯೂ ಇದ್ದೆ. ಪಟ್ಟಿ ಇಲ್ಲದೆ ಒಂದು ಬೇವಿನ ತುಂಡನ್ನು ಗೇಣುದ್ದ ಸೀಳಿ, ಮಶೀನು ನಿಲ್ಲಿಸಿ, ಸೀಳು ಮುಚ್ಚಿಕೊಂಡು ಬ್ಲೇಡಿಗೆ ಹತ್ತಿದ್ದನ್ನು ಕೈಯಿಂದ ಮುಟ್ಟಿಸಿದ್ದೆ. ಮರ ಸುಟ್ಟ ವಾಸನೆ ಬರುತ್ತಿತ್ತು. ಭಾವ ಮೂಸಿ ನೋಡಿ ನಕ್ಕಿದ್ದ.

"ಬೇವಿಗಿ ಭಾಳ ಹಟ ಅದಲೇ ತಮ್ಮಾ. ನಿಮ್ಮಕ್ಕನಂಗ."

ಎರಡು ವರ್ಷ ಪಟ್ಟಿ ಜಾಗ ಬಿಟ್ಟು ಕದಲಲಿಲ್ಲ. ನಿಲ್ಲುವುದಕ್ಕೂ ಭಾವ ಒಂದು ಜಾಗ ರೂಢಿ ಮಾಡಿಕೊಂಡಿದ್ದ: ಬ್ಲೇಡಿನ ನೇರಕ್ಕಲ್ಲ, ಒಂದು ಮೊಳ ಎಡಕ್ಕೆ. ನೆಲದ ಮೇಲೆ ಸುಣ್ಣದಿಂದ ಎರಡು ಪಾದ ಬರೆದಿದ್ದ. ಬಂದವರೆಲ್ಲ ಅದನ್ನು ನೋಡಿ, "ಇದ್ಯಾವ ದೇವರ ಪಾದ ಮೇಸ್ತ್ರಿ?" ಎಂದು ಕೇಳುತ್ತಿದ್ದರು.

ಆ ವರ್ಷ ಹಬ್ಬಕ್ಕೆಂದು ಅಕ್ಕನ ಮನೆಗೆ ಹೋಗಿದ್ದೆ. ಹಿಂದಿನ ದಿನ ಆಯುಧ ಪೂಜೆ. ಅಂಗಡಿಯ ಮೂಲೆಯಲ್ಲಿ ಅಕ್ಕ ಕಟ್ಟೆ ಸಾರಿಸಿ, ಹೊಸ ಬಿಳಿ ಬಟ್ಟೆ ಹಾಸಿದಳು. ಉಳಿ, ಬಾಚಿ, ಕೈಗರಗಸ, ಹತ್ತರಿ, ಸುತ್ತಿಗೆ, ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತೊಳೆದು ಆ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಒಮ್ಮೆ ಕೂಡಿಸಿದ ಮೇಲೆ ಮರುದಿನ ಸಂಜೆ ಬನ್ನಿ ಪೂಜೆ ಆಗುವ ತನಕ ಅವನ್ನು ಯಾರೂ ಕದಲಿಸುವಂತಿಲ್ಲ. ಭಾವನ ಮನೆತನದಲ್ಲಿ ಇದು ಬಹಳ ಬಿಗಿ.

"ಮಶೀನಂದೂ ಏನರ ಒಂದು ಕುಂಡ್ರಸಬೇಕಲ್ಲೋ," ಎಂದ ಭಾವ. "ದುಡಿಯೋದು ಅದು, ಅದನ್ನ ಬಿಟ್ರ ಹ್ಯಾಂಗ? ಆ ಬ್ಲೇಡು ಬಿಚ್ಚಿ ಕೊಡು."

ಬ್ಲೇಡಿನ ನಟ್ಟು ಬಿಚ್ಚಲಿಲ್ಲ. ನಾವಿಬ್ಬರೇ ಸೇರಿ ಬಿಗಿದದ್ದು. ಅರ್ಧ ಗಂಟೆ ಪಾನಾ ಹಿಡಿದು ಜಗ್ಗಿ ಸುಸ್ತಾಗಿ, ಸುಲಭವಾಗಿ ಬರುವುದು ಯಾವುದು ಎಂದು ನೋಡಿದೆ. ಹಿಂದಿನ ಪಟ್ಟಿ. ಎರಡು ಬೋಲ್ಟು. ಬಿಚ್ಚಿ ಕೊಟ್ಟೆ. ಅಕ್ಕ ಅದನ್ನು ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡು ಹೂವಿನ ಸರ ಹಾಕಿ, ಉಳಿಗಳ ನಡುವೆ ಗೋಡೆಗೆ ಒರಗಿಸಿದಳು. ಚೆನ್ನಾಗಿ ಕಾಣುತ್ತಿತ್ತು. ಬೋಲ್ಟುಗಳನ್ನು ನಾನು ಜೇಬಿಗೆ ಹಾಕಿಕೊಂಡೆ. ನಾಳೆ ಸಂಜೆ ಮರೆಯದೆ ಹಾಕಬೇಕು ಎಂದುಕೊಂಡೆ. ಊಟಕ್ಕೆ ಕೂತಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ, ಜೇಬು ಮುಟ್ಟಿ ನೋಡಿಕೊಂಡೆ.

ಬೆಳಿಗ್ಗೆ ಎಂಟರ ಸುಮಾರಿಗೆ ನೀರಮಾನ್ವಿಯ ಒಬ್ಬ ರೈತ ಬಂಡಿ ಹೂಡಿಕೊಂಡು ಬಂದ. ನನಗಿಂತ ಐದಾರು ವರ್ಷ ದೊಡ್ಡವನಿರಬೇಕು. ಅವನ ಹೊಸ ಮನೆಗೆ ಭಾವನೇ ಬಾಗಿಲು ಮಾಡಿಕೊಟ್ಟಿದ್ದ. ಬಂಡಿಯಲ್ಲಿ ಅದರ ಹೊಸ್ತಿಲು ಇತ್ತು: ಬೇವಿನ ಮರದ್ದು, ಮೂರು ಇಂಚು ದಪ್ಪ, ನಾಲ್ಕು ಅಡಿ ಉದ್ದ.

"ಮೇಸ್ತ್ರಿ, ಹೊಸ್ತಲ ಕುಂಡ್ರವಲ್ದು. ಗೌಂಡಿ ಕಲ್ಲಿನ್ಯಾಗ ತಗ್ಗು ಸಣ್ಣಾಗಿ ಕಡಿದಾನ. ಒಂದೂವರಿ ಇಂಚು ಅಗಲ ಇಳಸ್ರಿ."

"ಗೌಂಡಿಗೇ ಹೇಳಣ್ಣ, ಕಲ್ಲು ಕಡೀಲಿ."

"ಆ ಗೌಂಡಿ ಹೆಂಡ್ತಿ ಊರಿಗಿ ಓಡಿಹೋಗ್ಯಾನ. ಹೋಳಿಗಿ ಕಂಡ್ರ ಅಂವಗ ಕಲ್ಲೂ ಕಾಣಂಗಿಲ್ಲ, ನಾವೂ ಕಾಣಂಗಿಲ್ಲ. ಹನ್ನೊಂದಕ್ಕ ಮುಹೂರ್ತ ಅದರಿ. ಮಂದಿ ಎಲ್ಲಾ ಕುಂತಾರ."

ಭಾವ ಮೂಲೆಯ ಕಡೆ ಕೈ ತೋರಿಸಿದ. "ನೋಡು, ಕೈಗರಗಸ, ಬಾಚಿ, ಹತ್ತರಿ ಎಲ್ಲಾ ಪೂಜಿಗಿ ಕುಂತಾವ. ಸಂಜೀ ತನ ಮುಟ್ಟಂಗಿಲ್ಲ. ಯಾತರಲೆ ಕೊಯ್ಯಲಿ, ಹಲ್ಲಿಲೆ ಕಡಿಯಲೇನು?"

ರೈತ ಮಶೀನಿನ ಕಡೆ ನೋಡಿದ. ಭಾವನೂ ನೋಡಿದ. ಒಳಗಿನ ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು.

"ಏನ್ರಿ, ಹಬ್ಬದ ದಿನ ಅದನ್ಯಾಕ ಎಬ್ಬಸ್ತೀರಿ?"

"ಅದು ಪೂಜಿಗಿ ಕುಂತಿಲ್ಲಲ್ಲ," ಎಂದ ಭಾವ. "ಅದರ ಪಾಲಿಗಿ ಪಟ್ಟಿ ಕುಂತದ. ಮದುವಿಗಿ ಮನಿಗೊಬ್ರು ಹೋದ್ರ ಸಾಕಿಲ್ಲೇನು? ಉಳದೋರು ಹೊಲಕ್ಕ ಹೋಗ್ತಾರ. ಹಂಗ."

ರೈತ ನಕ್ಕ. ನಾನೂ ನಕ್ಕೆ. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ಭಾವ ನಿಜವಾಗಿಯೂ ಹಾಗೆ ಲೆಕ್ಕ ಹಾಕಿದ್ದ. ಪೂಜೆಗೂ ಭಂಗ ಬರಬಾರದು, ಮುಹೂರ್ತವೂ ತಪ್ಪಬಾರದು. ನನ್ನ ಕಡೆ ತಿರುಗಿ, "ಏನಂತೀ ತಮ್ಮಾ? ಒಂದೇ ಓಟ," ಎಂದ.

ಆಗ ನಾನು ಹೇಳಬೇಕಾಗಿದ್ದ ಮಾತು ಹೀಗಿತ್ತು: ಪಟ್ಟಿ ಹಾಕದೆ ಬೇಡ. ಅಷ್ಟೇ. ಆದರೆ ಹಾಗೆ ಹೇಳುವುದೆಂದರೆ ಹೂ ಮುಡಿಸಿ ಕೂಡಿಸಿದ್ದನ್ನು ಎತ್ತಿ ಕೊಡಿ ಎಂದು ಕೇಳಿದಂತೆ. ಅಕ್ಕನ ಗಂಡನ ಮನೆ, ನಾನು ಹಬ್ಬಕ್ಕೆ ಬಂದವನು, ಬಾಗಿಲಲ್ಲಿ ಹೊರಗಿನವನೊಬ್ಬ ನಿಂತಿದ್ದಾನೆ. ನಾನು ಕೇಳಿದ್ದು ಇದನ್ನು:

"ಮರ ಒಣಗ್ಯದೇನು ಭಾವ?"

"ವರ್ಷ ಆತು ಕಡಿದು."

ಕಿಟಕಿಯ ಬಳಿ ಹೋಗಿ ನಿಂತೆ. ಕೈ ಜೇಬಿನ ಮೇಲಿತ್ತು.

ರೈತ ಭಾವ ನಿಲ್ಲುವ ಜಾಗದ ಹಿಂದಿನ ಗೋಡೆಯ ಹತ್ತಿರ, ಬ್ಲೇಡಿನ ನೇರಕ್ಕೆ, ನೋಡುತ್ತ ಕುಕ್ಕರಗಾಲಲ್ಲಿ ಕೂತ. ಭಾವ ಗೈಡನ್ನು ಸರಿಸಿ ಅಳತೆ ಹಿಡಿದ, ಬ್ಲೇಡನ್ನು ಮರದ ದಪ್ಪಕ್ಕಿಂತ ಬೆರಳಷ್ಟು ಮೇಲೆ ಎತ್ತಿದ. ಗುಂಡಿ ಒಮ್ಮೆ ಒತ್ತಿ ಬಿಟ್ಟು ತಿರುಗುವ ದಿಕ್ಕು ನೋಡಿದ. ನಾನು ಕಲಿಸಿದ್ದೆಲ್ಲ ಮಾಡಿದ. ಸುಣ್ಣದ ಪಾದಗಳ ಮೇಲೆ ಪಾದ ಇಟ್ಟ. ಒಳಗಿನಿಂದ ಅಕ್ಕ ಕರೆದಳು:

"ಯಣ್ಣಾ, ಅಲ್ಲ್ಯಾಕ ಧೂಳಿನ್ಯಾಗ ಕುಂತೀ? ಈಕಡಿ ಬಾ, ಚಾ ಕುಡಿ."

ರೈತ ಎದ್ದು ಒಳಬಾಗಿಲಿಗೆ ಹೋಗಿ ಅವಳ ಕೈಯಿಂದ ಲೋಟ ತೆಗೆದುಕೊಂಡ. ಭಾವ ಹಸಿರು ಗುಂಡಿ ಒತ್ತಿದ.

ಮೊದಲ ಒಂದು ಅಡಿ ಸರಿಯಾಗಿ ಸಾಗಿತು. ಬಲಗೈಯಲ್ಲಿ ಮರದ ಹಿಂತುದಿಯನ್ನು ತಳ್ಳುತ್ತಿದ್ದ, ಎಡಗೈಯ ಅಂಗೈಯನ್ನು ಮರದ ಮೇಲೆ, ಬ್ಲೇಡಿನಿಂದ ಒಂದು ಗೇಣು ಈಚೆಗೆ ಒತ್ತಿ ಹಿಡಿದಿದ್ದ. ಒಂದೂವರೆ ಅಡಿಗೆ ದನಿ ಬದಲಾಯಿತು. ತೆಳ್ಳಗೆ ಕೂಗುತ್ತಿದ್ದ ಮಶೀನು ದಪ್ಪಗೆ ನರಳಿತು. ನನಗೆ ಆ ದನಿ ಗೊತ್ತಿತ್ತು. ಸುಟ್ಟ ಬೇವಿನ ವಾಸನೆ ಬಂತು. ಬ್ಲೇಡಿನ ಹಿಂದೆ, ಪಟ್ಟಿ ಇರಬೇಕಾದ ಕಡೆ, ಸೀಳು ಮುಚ್ಚಿಕೊಳ್ಳುತ್ತಿರುವುದು ಕಂಡಿತು. ಕೂದಲೆಳೆಯಷ್ಟು ತೆರೆದಿದ್ದದ್ದು ಕಾಣದಾಯಿತು. ಭಾವ ನಿಲ್ಲಿಸದೆ ಇನ್ನಷ್ಟು ಒತ್ತಿದ. ನಾನು ಒಂದು ಹೆಜ್ಜೆ ಹಾಕಿದ್ದೆ.

ಮರ ಹೋದದ್ದನ್ನು ನಾನು ನೋಡಲಿಲ್ಲ. ಅದು ಮೇಜಿನ ಮೇಲಿತ್ತು, ಆಮೇಲೆ ಇರಲಿಲ್ಲ. ಭಾವನ ಬಲ ಸೊಂಟವನ್ನು ಸವರಿಕೊಂಡು ಹೋಗಿ ಅವನ ಹಿಂದಿನ ಗೋಡೆಗೆ, ರೈತ ಕೂತಿದ್ದ ಜಾಗಕ್ಕೆ, ಬಡಿದು ಗಾರೆ ಉದುರಿಸಿತು. ಒತ್ತಿಕೊಂಡಿದ್ದ ಮರ ಒಮ್ಮೆಲೆ ಇಲ್ಲವಾದಾಗ ಎಡಗೈಯ ಭಾರವೆಲ್ಲ ಮುಂದಕ್ಕೆ ಬಿತ್ತು. ಮುಂದೆ ಬ್ಲೇಡು ಇತ್ತು.

ಕೆಂಪು ಗುಂಡಿ ಒತ್ತಿದ್ದು ನಾನು. ಎರಡನೆಯ ಹೆಜ್ಜೆ ಹಾಕಿದ ಮೇಲೆ. ಗುಂಡಿ ಒತ್ತಿದರೂ ಬ್ಲೇಡು ಕೂಡಲೇ ನಿಲ್ಲುವುದಿಲ್ಲ. ದನಿ ಇಳಿಯುತ್ತ ಇಳಿಯುತ್ತ ಬಹಳ ಹೊತ್ತು ತಿರುಗುತ್ತದೆ. ಅಷ್ಟು ಹೊತ್ತೂ ನಾನು ಗುಂಡಿಯನ್ನು ಒತ್ತಿಕೊಂಡೇ ನಿಂತಿದ್ದೆ. ಭಾವ ಕೂಗಲಿಲ್ಲ. ಎಡಗೈಯನ್ನು ಬಲಗೈಯಿಂದ ಹಿಡಿದು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಬಟ್ಟಿ," ಎಂದ. "ಬಟ್ಟಿ ಕೊಡ್ರಿ."

ಅಂಗಡಿಯಲ್ಲಿ ಇದ್ದುದೆಲ್ಲ ಎಣ್ಣೆ ಒರೆಸಿದ ಚಿಂದಿ. ನಾನು ಅತ್ತಿತ್ತ ನೋಡಿದೆ. ಅಕ್ಕ ನೋಡಲಿಲ್ಲ. ನೆಟ್ಟಗೆ ಮೂಲೆಗೆ ಹೋಗಿ, ಪೂಜೆಗೆ ಹಾಸಿದ್ದ ಬಿಳಿ ಬಟ್ಟೆಯ ಅಂಚು ಹಿಡಿದು ಒಂದೇ ಸಲಕ್ಕೆ ಎಳೆದಳು. ಉಳಿ, ಬಾಚಿ, ಹೂ, ಎಣ್ಣೆದೀಪ ಎಲ್ಲ ಕಲ್ಲುನೆಲಕ್ಕೆ ಬಿದ್ದವು. ಹಿಂದಿನ ಪಟ್ಟಿ ಎರಡು ಸಲ ಪುಟಿದು, ಠಣ್ ಎಂದು ನನ್ನ ಕಾಲ ಹತ್ತಿರ ಬಂದು ನಿಂತಿತು. ಸಂಜೆಯ ತನಕ ಯಾರೂ ಮುಟ್ಟಬಾರದೆಂದಿದ್ದುದು ಅಷ್ಟರಲ್ಲೇ ಮುಗಿದುಹೋಯಿತು. ಬಟ್ಟೆಯನ್ನು ಹಲ್ಲಿನಿಂದ ಹರಿದು ಅವಳೇ ಕಟ್ಟಿದಳು.

ಅಂಗಡಿ ರಾಯಚೂರು ರಸ್ತೆಗೆ ಹತ್ತಿತ್ತು. ರೈತ ಓಡಿಹೋಗಿ ರಸ್ತೆಗೆ ಅಡ್ಡ ನಿಂತು ಶೇಂಗಾ ಚೀಲ ತುಂಬಿದ್ದ ಒಂದು ಲಾರಿ ನಿಲ್ಲಿಸಿದ. ಮುಂದೆ ಬಾಳೆಕಂಬ ಕಟ್ಟಿದ್ದರು. ಡ್ರೈವರು ಬೈಯಲು ಬಾಯಿ ತೆರೆದವನು ಬಟ್ಟೆ ನೋಡಿ, "ಜಲ್ದಿ ಹತ್ತಸ್ರಿ, ಜಲ್ದಿ," ಎಂದ. ಅಕ್ಕ, ಭಾವ, ನಾನು ಮುಂದೆಯೇ ಇಕ್ಕಟ್ಟಿನಲ್ಲಿ ಕೂತೆವು. ರೈತ ಅಂಗಡಿ ನೋಡಿಕೊಳ್ಳಲು ಉಳಿದ.

ಭಾವ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಲಾರಿ ಕುಲುಕಿದಾಗಲೆಲ್ಲ ನನ್ನ ಜೇಬಿನಲ್ಲಿ ಬೋಲ್ಟು ಬೋಲ್ಟಿಗೆ ತಗುಲಿ ಸದ್ದಾಗುತ್ತಿತ್ತು. ಒಂದು ಕೈಯಿಂದ ಜೇಬು ಅದುಮಿ ಹಿಡಿದೆ. ಭಾವ ಕಣ್ಣು ಮುಚ್ಚಿಕೊಂಡೇ ಕೇಳಿದ:

"ಎಷ್ಟು ಉಳದಾವ?"

ಉಳಿ ಹಿಡಿಯುವುದು ಎಡಗೈ. ಬಲಗೈ ಬರೀ ಹೊಡೆಯುತ್ತದೆ. ಎಷ್ಟು ಆಳಕ್ಕೆ, ಯಾವ ಓರೆಗೆ ಎಂಬುದೆಲ್ಲ ಎಡಗೈಯ ಬೆರಳಿಗೆ ಗೊತ್ತಿರುತ್ತದೆ. ಅದು ಆ ಲಾರಿಯಲ್ಲಿ ಮೂವರಿಗೂ ತಿಳಿದಿತ್ತು. ಬಟ್ಟೆ ಪೂರ್ತಿ ಕೆಂಪಾಗಿತ್ತು, ಒಳಗೆ ಏನಿದೆ ಎಂದು ತಿಳಿಯುವಂತಿರಲಿಲ್ಲ. ರಾಯಚೂರು ಬರುವ ತನಕ ಆ ಪ್ರಶ್ನೆ ಹಾಗೆಯೇ ಇತ್ತು.

ದವಾಖಾನೆಯಲ್ಲಿ ಒಳಗೆ ಕರೆದುಕೊಂಡು ಹೋದರು. ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಹೇಳಿದರು: ಕಿರುಬೆರಳು, ಉಂಗುರಬೆರಳು ಹೋದವು. ನಡುಬೆರಳಿನ ತುದಿ ಹೋಗಿದೆ, ಬೆರಳು ಇದೆ. ಹೆಬ್ಬೆರಳು, ತೋರುಬೆರಳು ಚೆನ್ನಾಗಿವೆ.

ಅಕ್ಕ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡಿಸಿ, ಕಾಣದ ಉಳಿಯೊಂದನ್ನು ಹಿಡಿದ ಹಾಗೆ ಮಾಡಿ ನೋಡಿದಳು. ಆಮೇಲೆ ಅತ್ತಳು.

ಸಂಜೆ ವಾರ್ಡಿನೊಳಗೂ ಬನ್ನಿ ಬಂತು. ರೋಗಿಗಳ ಕಡೆಯವರು ಎಲೆ ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಹೋಗಿ ಕೊಟ್ಟು, ಹಿರಿಯರ ಕಾಲು ಮುಟ್ಟುತ್ತಿದ್ದರು. ಪಕ್ಕದ ಮಂಚದ ಮುದುಕಿಯ ಮಗ ನನಗೂ ನಾಲ್ಕು ಎಲೆ ಕೊಟ್ಟ. ನಾನು ಅವನ್ನು ಭಾವನ ಬಲಗೈಯಲ್ಲಿಟ್ಟು ಕಾಲು ಮುಟ್ಟಲು ಬಗ್ಗಿದೆ. ಜೇಬಿನಿಂದ ಎರಡೂ ಬೋಲ್ಟು ಜಾರಿ ನೆಲಕ್ಕೆ ಬಿದ್ದವು. ಭಾವ ಅವನ್ನು ನೋಡಿದ.

"ನಾ ಹೇಳಬೇಕಿತ್ತು ಭಾವ," ಎಂದೆ. "ಪಟ್ಟಿ ಹಾಕ್ರಿ ಅಂತ."

ಭಾವ ಎಲೆಗಳ ಮೇಲೆ ಬೆರಳು ಮಡಚಿದ.

"ನನಗ ಗೊತ್ತಿದ್ದಿಲ್ಲೇನು? ನೀ ಹೇಳಿದ್ರ ಕೇಳ್ತಿದ್ದಿಲ್ಲ ನಾ." ಬೋಲ್ಟುಗಳ ಕಡೆ ಇನ್ನೊಮ್ಮೆ ನೋಡಿದ. "ಕೇಳ್ತಿದ್ನೋ ಏನೋ." ಎಲೆಗಳನ್ನು ಅಂಗೈಯಲ್ಲಿ ತಿರುವಿದ. "ಬನ್ನಿ ಎಡಗೈಲೆ ತಗೋಬಾರದು ಅಂತಾರ. ಬಲಗೈ ಉಳದದ, ಚಲೋ ಆತು ಬಿಡು."

ಅವನನ್ನು ಮನೆಗೆ ಕರೆದುಕೊಂಡು ಹೋದ ದಿನವೇ ನಾನು ಪಟ್ಟಿಯನ್ನು ಜಾಗಕ್ಕೆ ಕೂಡಿಸಿದೆ. ಅದರ ಮೇಲಿನ ಕುಂಕುಮ ಹಾಗೆಯೇ ಇತ್ತು. ಯಾರೂ ಒರೆಸಲಿಲ್ಲ, ನಾನೂ ಒರೆಸಲಿಲ್ಲ. ನೀರಮಾನ್ವಿಯಲ್ಲಿ ಮುಹೂರ್ತ ತಪ್ಪಿತ್ತು. ಆ ಮರವನ್ನು ಹೊಸ್ತಿಲಿಗೆ ಹಾಕುವುದು ಬೇಡವೆಂದು ಹಿರಿಯರು ಹೇಳಿದರಂತೆ. ಗಾಯ ಮಾಯಲು ಎರಡು ತಿಂಗಳ ಮೇಲಾಯಿತು. ಭಾವ ಮೊದಲು ಕೈಗೆತ್ತಿಕೊಂಡ ಕೆಲಸ ಆ ರೈತನಿಗೆ ಬೇರೆ ಹೊಸ್ತಿಲು ಮಾಡುವುದು. ಕೈಗರಗಸ, ಬಾಚಿ, ಉಳಿ. ಒಂದು ದಿನದ ಕೆಲಸಕ್ಕೆ ಒಂಬತ್ತು ದಿನ ತೆಗೆದುಕೊಂಡ. ಉಳಿ ಮೂರು ಸಲ ಜಾರಿತು ಎಂದು ಅಕ್ಕ ಹೇಳಿದಳು. ಅವಳು ಎಣಿಸುತ್ತ ಕೂತಿದ್ದಳು. ಮಶೀನಿನ ಹತ್ತಿರ ಹೋಗಲು ಮುಂದಿನ ಬೇಸಿಗೆಯ ತನಕ ಅವನಿಗೆ ಆಗಲಿಲ್ಲ. ಹೋದಾಗ ನಾನೂ ಇದ್ದೆ. ಹಸಿರು ಗುಂಡಿ ಒತ್ತುವ ಮುಂಚೆ ಭಾವ ಹಿಂದಿನ ಪಟ್ಟಿಯನ್ನು ಮೂರು ಬೆರಳಿಂದ ಹಿಡಿದು ಅಲ್ಲಾಡಿಸಿ ನೋಡಿದ.

ಎಂಬತ್ತರ ದಶಕದಲ್ಲಿ ರಾಯಚೂರಿನಲ್ಲಿ, ದೇವದುರ್ಗದಲ್ಲಿ ನಾನು ಕೂಡಿಸಿದ ಮಶೀನುಗಳಿಗೆಲ್ಲ ಆ ಪಟ್ಟಿಯ ಬೋಲ್ಟಿನ ತಲೆಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡುತ್ತಿದ್ದೆ, ಸುಲಭವಾಗಿ ಬಿಚ್ಚಬಾರದೆಂದು. ಪೂಜೆ ಮಾಡುವುದಿದ್ದರೆ ಮೇನ್ ಸ್ವಿಚ್ಚು ತೆಗೆದು, ಇದ್ದ ಜಾಗದಲ್ಲೇ ಕುಂಕುಮ ಹಚ್ಚಿ ಎನ್ನುತ್ತಿದ್ದೆ. ದೇವದುರ್ಗದ ಒಬ್ಬ ಬಡಗಿ ನಕ್ಕಿದ್ದ: "ಈ ಫಿಟ್ಟರಪ್ಪ ದೇವರಿಗೂ ನಟ್ಟು ಬಿಗೀತಾನಪಾ." ಬಿಗಿಯುತ್ತೇನೆ ಎಂದೆ. ಯಾಕೆಂದು ಹೇಳಲಿಲ್ಲ. ಈಗಲೂ ಎಲ್ಲಾದರೂ ಮಶೀನಿನ ತೆಳು ದನಿ ದಪ್ಪವಾಗುವುದು ಕೇಳಿದರೆ ನನ್ನ ಬಲಗಾಲು ತಾನೇ ಒಂದು ಹೆಜ್ಜೆ ಮುಂದೆ ಇಡುತ್ತದೆ.

ಇನ್ನು ನೋಡಿದವರು. ಭಾವ ಈಗಿಲ್ಲ, ವಯಸ್ಸಾಗಿ, ಮನೆಯಲ್ಲೇ, ಕಾಯಿಲೆಯಿಂದ ತೀರಿಕೊಂಡ. ಮೂರು ಬೆರಳ ಎಡಗೈಯಲ್ಲಿ ಇಪ್ಪತ್ತು ವರ್ಷದ ಮೇಲೆ ಕೆಲಸ ಮಾಡಿದ.

ನೀರಮಾನ್ವಿಯ ರೈತ ಇದ್ದಾನೆ. ಕಣ್ಣು ಮಂದವಾಗಿದೆ; ಭಾವ ಆಮೇಲೆ ಮಾಡಿಕೊಟ್ಟ ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಾನೆ. ಅಂದು ಮರದ ಹೊಟ್ಟಿನೊಳಗಿಂದ ಬೆರಳುಗಳನ್ನು ಎತ್ತಿ ಅಂಗಡಿಯ ಹಿಂದೆ ಮಣ್ಣು ಮಾಡಿದವನು ಅವನೇ. ಅದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಆ ಹೊತ್ತಿಗೆ ಲೋಟ ಬಾಯಿಗಿಟ್ಟುಕೊಂಡು ಅವನು ನನ್ನ ಕಡೆಯೇ ನೋಡುತ್ತಿದ್ದನಂತೆ. ಅವನ ಪ್ರಕಾರ ನಾನು ಕೂಗಲಿಲ್ಲ.

ಅಕ್ಕ ಇದ್ದಾಳೆ, ಮಾನ್ವಿಯಲ್ಲಿ. "ನೀ ‘ಭಾವಾ, ಪಟ್ಟಿ’ ಅಂತ ಚೀರಿದಿ. ಅದಕ್ಕ ನಾ ಹೊಳ್ಳಿ ನೋಡಿದ್ದು," ಎನ್ನುತ್ತಾಳೆ. ಎಷ್ಟು ಸಲ ಕೇಳಿದರೂ ಅದೇ ಮಾತು, ಅಷ್ಟೇ ಶಬ್ದ. ಉಳಿದಿರುವವರಲ್ಲಿ ಮೂರನೆಯವನು ನಾನು. ನನಗೆ ಮಶೀನಿನ ದನಿ ನೆನಪಿದೆ, ವಾಸನೆ ನೆನಪಿದೆ, ಒಂದು ಹೆಜ್ಜೆ ನೆನಪಿದೆ. ನನ್ನ ದನಿ ನೆನಪಿಲ್ಲ.